ಕಪ್ಪೆಯ ಹೆಸರಿನ ಪೋಸ್ಟ್‌ಮ್ಯಾನ್

ಕರ್ಮಿಟ್ ಅಂದರೆ ಯಾರು ಅಂತ ಈಗಿನ ಹುಡುಗರನ್ನು ಕೇಳಿ ನೋಡಿ. ಟೀವಿಯ ಮಪೆಟ್ ಶೋದಲ್ಲಿ ಬರುತ್ತಿದ್ದ ಹಸಿರು ಕಪ್ಪೆ ಅಂತಾರೆ, ಅದೂ ಗೊತ್ತಿದ್ದರೆ. ತಪ್ಪೇನಿಲ್ಲ. ಆದರೆ ನಮ್ಮ ಕಾಲದ ಕಂಪ್ಯೂಟರ್ ಮಂದಿಗೆ ಕರ್ಮಿಟ್ ಅಂದರೆ ಬೇರೆಯೇ ಒಂದು ಪ್ರಾಣಿ. ದೊಡ್ಡ ಕಂಪ್ಯೂಟರಿನಲ್ಲಿದ್ದ ಫೈಲನ್ನು ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೆ ತಂದು ಕೊಡುತ್ತಿದ್ದ ಪೋಸ್ಟ್‌ಮ್ಯಾನ್ ಅದು. ನಿಧಾನ, ಆದರೆ ನಂಬಿಗಸ್ಥ.

ಮೊನ್ನೆ ನಮ್ಮ ಕಟ್ಟಡದ ಒಬ್ಬ ಕಾಲೇಜು ಹುಡುಗ, "ಅಂಕಲ್, ಫೈಲ್ ಕಳಿಸೋದರಲ್ಲಿ ಅಂಥದ್ದೇನಿದೆ? ಕೇಬಲ್ ಹಾಕಿದರೆ ಹೋಗಬೇಕಪ್ಪ" ಅಂದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತಾರವಾಗಿ ಇಲ್ಲಿ ಬರೆಯುತ್ತಿದ್ದೇನೆ. ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಮೇನ್‌ಫ್ರೇಮಿನ ಅನ್ನ ತಿಂದು ಮನೆ ಕಟ್ಟಿಕೊಂಡ ಕನ್ನಡಿಗರು ಬಹಳ ಜನ ಇದ್ದೇವಲ್ಲ, ಅವರಿಗೆ ಇದರಲ್ಲಿ ಕೆಲವು ಹಳೆಯ ಗಾಯಗಳು ನೆನಪಾಗಬಹುದು.

ಮೊದಲು ಒಂದು ವಿಷಯ ತಿಳಿದಿರಬೇಕು. ಮೇನ್‌ಫ್ರೇಮಿಗೆ "ಇನ್ನೊಂದು ಕಂಪ್ಯೂಟರ್" ಎಂಬ ಕಲ್ಪನೆಯೇ ಇರಲಿಲ್ಲ. ಅದರ ಪಾಲಿಗೆ ತಂತಿಯ ಆ ತುದಿಯಲ್ಲಿ ಕೂತವನು ಮನುಷ್ಯ. ಅವನ ಮುಂದೆ ಇರುವುದು ಟರ್ಮಿನಲ್, ಅಂದರೆ ಒಂದು ಕೀಬೋರ್ಡು, ಒಂದು ಪರದೆ. ಮನುಷ್ಯ ನಿಧಾನವಾಗಿ ಟೈಪ್ ಮಾಡುತ್ತಾನೆ, ಎಂಟರ್ ಒತ್ತುತ್ತಾನೆ, ಉತ್ತರಕ್ಕೆ ಕಾಯುತ್ತಾನೆ. ತಂತಿ, ಅದರ ತುದಿಯ ಪೆಟ್ಟಿಗೆ, ಆಪರೇಟಿಂಗ್ ಸಿಸ್ಟಮ್ ಎಲ್ಲವೂ ಈ ನಂಬಿಕೆಯ ಮೇಲೇ ಕಟ್ಟಿದವು. ಅಲ್ಲಿ ಮನುಷ್ಯನ ಬದಲು ಒಂದು ಸಣ್ಣ ಕಂಪ್ಯೂಟರನ್ನು ಕೂರಿಸಿ "ನಾನೂ ಟರ್ಮಿನಲ್ಲೇ" ಅಂತ ಸುಳ್ಳು ಹೇಳಿಸಿದಾಗ ಶುರುವಾಯಿತು ಪೇಚಾಟ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1980ರ ಹೊತ್ತಿಗೆ ಡಿಇಸಿ ಕಂಪನಿಯ ಡೆಕ್‌ಸಿಸ್ಟಮ್-20 ಎಂಬ ದೊಡ್ಡ ಯಂತ್ರಗಳಿದ್ದವು, ಜತೆಗೆ ಐಬಿಎಂ ಮೇನ್‌ಫ್ರೇಮ್. ವಿದ್ಯಾರ್ಥಿಗಳಿಗೆ ಅಕೌಂಟ್ ಕೊಟ್ಟಿದ್ದರು, ಆದರೆ ಡಿಸ್ಕಿನಲ್ಲಿ ಜಾಗ ಇಲ್ಲ. ಡಿಸ್ಕ್ ಆಗ ಚಿನ್ನದ ಬೆಲೆಯ ವಸ್ತು. ವಿದ್ಯಾರ್ಥಿ ಕಷ್ಟಪಟ್ಟು ಬರೆದ ಪ್ರೋಗ್ರಾಮು, ಪ್ರಬಂಧ ಎಲ್ಲ ಎಲ್ಲಿ ಇಡಬೇಕು? ಒಂದು ಪಾಠ ಮುಗಿದ ಮೇಲೆ ಅಳಿಸಿ ಮುಂದಿನದಕ್ಕೆ ಜಾಗ ಮಾಡಬೇಕು. ಆಗ ಕಂಪ್ಯೂಟರ್ ಸೆಂಟರಿನವರಿಗೆ ಹೊಳೆದದ್ದು ಫ್ಲಾಪಿ. ಟರ್ಮಿನಲ್ ರೂಮಿನಲ್ಲಿ ಕೆಲವು ಸಣ್ಣ ಕಂಪ್ಯೂಟರುಗಳನ್ನು ಇಟ್ಟರೆ ಹುಡುಗರು ತಮ್ಮ ಫೈಲನ್ನು ಫ್ಲಾಪಿಗೆ ಇಳಿಸಿಕೊಂಡು ಜೇಬಿನಲ್ಲಿ ಹಾಕಿಕೊಂಡು ಹೋಗಬಹುದು, ಬೇಕಾದಾಗ ಮತ್ತೆ ಏರಿಸಬಹುದು. ಇಂಟರ್‌ಟೆಕ್ ಕಂಪನಿಯ ಸೂಪರ್‌ಬ್ರೇನ್ ಎಂಬ ಸಿಪಿ/ಎಂ ಕಂಪ್ಯೂಟರುಗಳು ಅದಕ್ಕಾಗಿ ಬಂದವು.

ನೋಡಿ, ಇಲ್ಲಿ ಪ್ರಶ್ನೆ ಬರೀ ತಾಂತ್ರಿಕದ್ದಲ್ಲ. ನೀನು ಬರೆದದ್ದು ನಿನ್ನ ಕೈಯಲ್ಲಿ ಇರುತ್ತದೋ, ಅಥವಾ ಯಜಮಾನರ ಯಂತ್ರದಲ್ಲಿ ಅವರು ಇಟ್ಟುಕೊಂಡಷ್ಟು ದಿನ ಮಾತ್ರವೋ? ಈಗ ಕ್ಲೌಡ್, ಕ್ಲೌಡ್ ಅಂತ ಎಲ್ಲವನ್ನೂ ಮತ್ತೆ ಯಜಮಾನರ ಯಂತ್ರಕ್ಕೇ ಒಪ್ಪಿಸುತ್ತಿದ್ದೇವೆ, ಅದು ಬೇರೆ ಮಾತು.

ಯಂತ್ರ ಬಂತು, ತಂತಿ ಇತ್ತು. ಫೈಲು ದಾಟಿಸುವುದು ಹೇಗೆ? ಆಗಲೇ ಒಂದು ದಾರಿ ಇತ್ತು. ಶಿಕಾಗೋದ ವಾರ್ಡ್ ಕ್ರಿಸ್ಟೆನ್ಸನ್ 1977ರಲ್ಲಿ ಹವ್ಯಾಸಿಗಳಿಗಾಗಿ ಬರೆದದ್ದು, ಮುಂದೆ ಎಕ್ಸ್‌ಮೋಡೆಮ್ ಅಂತ ಹೆಸರಾಯಿತು. ಫೈಲನ್ನು 128 ಬೈಟುಗಳ ತುಂಡು ಮಾಡಿ, ಪ್ರತಿ ತುಂಡಿಗೂ ಒಂದು ಮೊತ್ತ ಹಾಕಿ ಕಳಿಸುವುದು. ಮೊತ್ತ ತಾಳೆಯಾಗದಿದ್ದರೆ ಮತ್ತೆ ಕಳಿಸುವುದು. ಸರಳ, ಸೊಗಸು. ಆದರೆ ಅದಕ್ಕೆ ಎಂಟೂ ಬಿಟ್‌ಗಳು ಅಡೆತಡೆಯಿಲ್ಲದೆ ಹಾದುಹೋಗುವ ತಂತಿ ಬೇಕು. ಮೇನ್‌ಫ್ರೇಮಿನ ಟರ್ಮಿನಲ್ ತಂತಿಯಲ್ಲಿ ಏಳು ಬಿಟ್ ಮಾತ್ರ ನಿಮ್ಮದು, ಎಂಟನೆಯದು ಪ್ಯಾರಿಟಿಗೆ ಮೀಸಲು. ತಮಾಷೆ ಏನೆಂದರೆ ಕ್ರಿಸ್ಟೆನ್ಸನ್ ಹೊಟ್ಟೆಪಾಡಿಗೆ ಕೆಲಸ ಮಾಡುತ್ತಿದ್ದದ್ದು ಐಬಿಎಂನಲ್ಲೇ. ಅವರ ಪ್ರೋಟೋಕಾಲ್ ಮಾತ್ರ ಐಬಿಎಂ ಮೇನ್‌ಫ್ರೇಮಿನ ಆ ತಂತಿಯಲ್ಲಿ ಹೋಗಲಾರದು! ಅವರು 2024ರಲ್ಲಿ ತೀರಿಕೊಂಡರು.

ಏಳು ಬಿಟ್ಟಿನ ಕಾಟ ಒಂದೇ ಅಲ್ಲ. ದಾರಿಯಲ್ಲಿರುವ ಪೆಟ್ಟಿಗೆಗಳಿಗೆ ಕೆಲವು ಅಕ್ಷರಗಳು ಆಜ್ಞೆಗಳಿದ್ದಂತೆ. ಕಂಟ್ರೋಲ್-ಎಸ್ ಬಂದರೆ "ನಿಲ್ಲಿಸು", ಕಂಟ್ರೋಲ್-ಕ್ಯೂ ಬಂದರೆ "ಮುಂದುವರಿಸು". ಊರಿಂದ ಬಸ್ಸಿನಲ್ಲಿ ಹಪ್ಪಳ, ಮಾವಿನ ಮಿಡಿ ಉಪ್ಪಿನಕಾಯಿ ಪಾರ್ಸೆಲ್ ಕಳಿಸಿದಾಗ ದಾರಿಯಲ್ಲಿ ಕಂಡಕ್ಟರ್ "ಓಹೋ ಇದು ನನಗೇ" ಅಂತ ಡಬ್ಬಿ ತೆಗೆದು ತಿಂದರೆ ಹೇಗಿರುತ್ತದೆ? ಹಾಗೆಯೇ. ನಿಮ್ಮ ಫೈಲಿನೊಳಗೆ ಆ ಬೈಟ್ ಇದ್ದರೆ ಅದು ನಿಮ್ಮದು ಅಂತ ಆ ಪೆಟ್ಟಿಗೆಗೆ ಗೊತ್ತಾಗುವುದಿಲ್ಲ. ತನಗೆ ಬಂದ ಆಜ್ಞೆ ಅಂದುಕೊಂಡು ನುಂಗಿಬಿಡುತ್ತದೆ.

ಕೊಲಂಬಿಯಾದ ಫ್ರಾಂಕ್ ಡ ಕ್ರೂಜ್ ಮತ್ತು ಬಿಲ್ ಕ್ಯಾಚಿಂಗ್ಸ್ ಇಬ್ಬರೂ ಕೂತು 1981ರಲ್ಲಿ ಹೊಸ ಪ್ರೋಟೋಕಾಲ್ ಮಾಡಿದರು. ಮೊದಲ ಫೈಲು ದಾಟಿದ್ದು 1981ರ ಏಪ್ರಿಲ್ 29ರಂದು, ಡೆಕ್-20ರ ಒಂದು ಪೋರ್ಟಿನಿಂದ ಹೊರಟು ಅದೇ ಯಂತ್ರದ ಇನ್ನೊಂದು ಪೋರ್ಟಿಗೆ. ಹೆಸರಿಡುವ ಹೊತ್ತಿಗೆ ಗೋಡೆಯ ಮೇಲೆ ಮಪೆಟ್ ಕ್ಯಾಲೆಂಡರ್ ಇತ್ತಂತೆ, ಕಪ್ಪೆ ಕಣ್ಣಿಗೆ ಬಿತ್ತು, ಕರ್ಮಿಟ್ ಅಂತಾಯಿತು. ಆಮೇಲೆ ಹೆನ್ಸನ್ ಸಂಸ್ಥೆಯ ಅನುಮತಿ ಪಡೆದೇ ಆ ಹೆಸರನ್ನು ಬಳಸಿದರು.

ಅವರ ಯೋಚನೆಯ ಧಾಟಿ ನನಗೆ ಇವತ್ತಿಗೂ ಇಷ್ಟ. ತಂತಿ ಒಳ್ಳೆಯದಿರಲಿ ಅಂತ ಅವರು ಬೇಡಿಕೊಳ್ಳಲಿಲ್ಲ. ತಂತಿ ಕೆಟ್ಟದ್ದೇ, ಆ ತುದಿಯವನು ನಮ್ಮನ್ನು ಟೈಪ್ ಮಾಡುವ ಮನುಷ್ಯ ಅಂತಲೇ ತಿಳಿದಿದ್ದಾನೆ, ಸರಿ, ಮನುಷ್ಯ ಟೈಪ್ ಮಾಡುವಂಥದ್ದನ್ನೇ ಕಳಿಸೋಣ ಅಂದರು. ಆಸ್ಕಿಯಲ್ಲಿ ಖಾಲಿ ಜಾಗವನ್ನೂ ಸೇರಿಸಿ ಕಣ್ಣಿಗೆ ಕಾಣುವ ಅಕ್ಷರಗಳು 95. ಕರ್ಮಿಟ್ ಪ್ಯಾಕೆಟ್ಟಿನಲ್ಲಿ ಆರಂಭದ ಕಂಟ್ರೋಲ್-ಎ ಮತ್ತು ಕೊನೆಯ ಸಾಲು ಮುರಿಯುವ ಗುರುತು ಬಿಟ್ಟರೆ ಮಿಕ್ಕಿದ್ದೆಲ್ಲ ಈ 95ರೊಳಗಿನ ಅಕ್ಷರಗಳೇ. ಉದ್ದ, ಕ್ರಮಸಂಖ್ಯೆ, ತಪಾಸಣೆಯ ಮೊತ್ತ ಎಲ್ಲಕ್ಕೂ 32 ಕೂಡಿಸಿ ಕಾಣುವ ಅಕ್ಷರ ಮಾಡಿದರು. ಹಾಗಾಗಿಯೇ ಉದ್ದ 94ಕ್ಕಿಂತ ಹೆಚ್ಚಿರಲಾರದು. ಫೈಲಿನೊಳಗಿನ ಕಂಟ್ರೋಲ್ ಅಕ್ಷರಗಳನ್ನು ವೇಷ ಹಾಕಿಸಿ ಕಳಿಸುವುದು: ಕಂಟ್ರೋಲ್-ಎಂ ಇದ್ದರೆ ಒಂದು # ಚಿಹ್ನೆ, ಅದರ ಹಿಂದೆ ಬರೀ ಎಂ. ಎಂಟನೆಯ ಬಿಟ್ ಇರುವ ಬೈಟಾದರೆ ಮುಂದೆ & ಚಿಹ್ನೆ. ಒಂದೇ ಅಕ್ಷರ ಸಾಲಾಗಿ ಬಂದರೆ ~ ಹಾಕಿ ಎಷ್ಟು ಸಲ ಅಂತ ಹೇಳಿದರೆ ಸಾಕು. ಆ ತುದಿಯ ಕರ್ಮಿಟ್ ವೇಷ ಕಳಚಿ ಮೂಲ ಫೈಲನ್ನು ಬರೆದುಕೊಳ್ಳುತ್ತದೆ.

ಮೊದಲ ಪ್ಯಾಕೆಟ್ಟಿನಲ್ಲಿ ಎರಡೂ ಕಡೆಯವರು ತಮ್ಮ ತಮ್ಮ ಶಕ್ತಿ ಹೇಳಿಕೊಳ್ಳುತ್ತಾರೆ. ನಾನು ಇಷ್ಟು ಉದ್ದದ ಪ್ಯಾಕೆಟ್ ತೆಗೆದುಕೊಳ್ಳಬಲ್ಲೆ, ಇಷ್ಟು ಸೆಕೆಂಡ್ ಕಾಯುತ್ತೇನೆ, ನನಗೆ ಸಾಲಿನ ಕೊನೆಗೆ ಇಂಥ ಅಕ್ಷರ ಬೇಕು, ಇತ್ಯಾದಿ. ನಮ್ಮ ಕಡೆ ಮದುವೆ ಮಾತುಕತೆಗೆ ಕೂತ ಎರಡು ಮನೆಯ ಹಿರಿಯರ ಹಾಗೆ. ಇಬ್ಬರಲ್ಲಿ ಬಡವನಿಗೆ ಎಷ್ಟು ಸಾಧ್ಯವೋ ಅಷ್ಟಕ್ಕೆ ಒಪ್ಪಂದ. ಆಮೇಲೆ ಒಂದು ಪ್ಯಾಕೆಟ್ ಕಳಿಸು, ಉತ್ತರಕ್ಕೆ ಕಾಯಿ. ಸರಿಯಾಗಿ ಬಂದಿದ್ದರೆ ವೈ, ಅಂದರೆ ಯೆಸ್. ಕೆಟ್ಟಿದ್ದರೆ ಎನ್, ಅಂದರೆ ನೋ, ಮತ್ತೊಮ್ಮೆ ಕಳಿಸು.

ಇಷ್ಟೆಲ್ಲ ಇದ್ದರೂ ಮೊದಲ ಸಲ ಕೂತವನಿಗೆ ಫೈಲು ಹೋಗುತ್ತಿರಲಿಲ್ಲ. ಹೋಗದಿದ್ದರೆ ಯಾಕೆ ಅಂತ ಪತ್ತೆ ಹಚ್ಚುವುದೇ ಒಂದು ವಿದ್ಯೆ. ವೈದ್ಯರು ನಾಡಿ ಹಿಡಿದು ನೋಡುವಂತೆ ಲಕ್ಷಣ ನೋಡಿ ರೋಗ ಹೇಳಬೇಕು.

ಪರದೆಯ ಮೇಲೆ ಬರೀ ಕಸ, ಒಂದೂ ಅಕ್ಷರ ಅರ್ಥವಾಗುತ್ತಿಲ್ಲ ಅಂದರೆ ಮೊದಲ ಅನುಮಾನ ವೇಗದ ಮೇಲೆ. ಒಬ್ಬ 1200ರಲ್ಲಿ, ಇನ್ನೊಬ್ಬ 300ರಲ್ಲಿ ಮಾತಾಡುತ್ತಿದ್ದಾನೆ. ಇದು ಸುಲಭ. ಆದರೆ ಕೆಲವು ಅಕ್ಷರ ಸರಿ, ಕೆಲವು ಮಾತ್ರ ಗೆರೆ ಚಿತ್ರಗಳಾಗಿ ಕಾಣುತ್ತಿವೆ ಅಂದರೆ? ಅಲ್ಲಿದೆ ಪ್ಯಾರಿಟಿ. ಈವನ್ ಪ್ಯಾರಿಟಿಯ ನಿಯಮ ಹೀಗೆ: ಎಂಟು ಬಿಟ್‌ಗಳಲ್ಲಿ ಒಂದುಗಳ ಲೆಕ್ಕ ಸಮ ಸಂಖ್ಯೆ ಆಗುವಂತೆ ಎಂಟನೆಯ ಬಿಟ್ಟನ್ನು ಇಡುವುದು. ಇಂಗ್ಲಿಷಿನ ಎ ಅಕ್ಷರ 65, ಬೈನರಿಯಲ್ಲಿ 1000001, ಎರಡು ಒಂದುಗಳಿವೆ, ಆಗಲೇ ಸಮ; ಎಂಟನೆಯದು ಸೊನ್ನೆಯಾಗೇ ಇರುತ್ತದೆ, ಎ ಎ ಆಗಿಯೇ ಕಾಣುತ್ತದೆ. ಸಿ ಅಕ್ಷರ 67, ಅಂದರೆ 1000011, ಮೂರು ಒಂದುಗಳು; ಎಂಟನೆಯದು ಒಂದಾಗುತ್ತದೆ, 67 ಹೋಗಿ 195 ಆಗುತ್ತದೆ. ಪಿಸಿಯ ಹಳೆಯ ಕ್ಯಾರೆಕ್ಟರ್ ಸೆಟ್ಟಿನಲ್ಲಿ 195 ಅಂದರೆ ಚೌಕಟ್ಟು ಎಳೆಯುವ ಒಂದು ಗೆರೆ. ಟಿ ಅಕ್ಷರದ್ದೂ ಅದೇ ಗತಿ. ಹೀಗಾಗಿ ಕ್ಯಾಟ್ ಅಂತ ಬಂದರೆ ನಡುವಿನ ಎ ಒಂದೇ ಉಳಿದು ಆಚೆ ಈಚೆ ಗೆರೆಗಳು! ಬೆಕ್ಕು ಪಂಜರದಲ್ಲಿ ಕೂತ ಹಾಗೆ. ಸುಮಾರು ಅರ್ಧ ಅಕ್ಷರ ಕೆಟ್ಟಿದ್ದರೆ ಈವನ್ ಅಥವಾ ಆಡ್. ಎಲ್ಲವೂ ಕೆಟ್ಟಿದ್ದರೆ ಮಾರ್ಕ್ ಪ್ಯಾರಿಟಿ, ಅಂದರೆ ಎಂಟನೆಯ ಬಿಟ್ ಸದಾ ಒಂದು. ಐಬಿಎಂ ಮೇನ್‌ಫ್ರೇಮಿನ ಲೈನ್‌ಮೋಡ್ ತಂತಿಗೆ ಎಷ್ಟೋ ಕಡೆ ಬೇಕಾಗಿದ್ದದ್ದು ಈ ಮಾರ್ಕ್.

ಟೈಪ್ ಮಾಡಿದ ಅಕ್ಷರ ಎರಡೆರಡು ಸಲ ಕಂಡರೆ ನಿಮ್ಮ ಕಡೆಯೂ ಎಕೋ ಇದೆ, ಅತ್ತ ಕಡೆಯೂ ಇದೆ. ಏನೂ ಕಾಣದಿದ್ದರೆ ಎರಡೂ ಕಡೆ ಇಲ್ಲ. ಇದು ರೋಗವಲ್ಲ, ನೆಗಡಿ.

ನಿಜವಾದ ತಲೆನೋವು ಇದು: ಟರ್ಮಿನಲ್ ಆಗಿ ಎಲ್ಲ ಸರಿ, ಲಾಗಿನ್ ಆಗುತ್ತದೆ, ಕಮಾಂಡ್ ನಡೆಯುತ್ತದೆ, ಫೈಲು ಕಳಿಸಲು ಹೊರಟರೆ ಮೊದಲ ಪ್ಯಾಕೆಟ್ಟಿನಲ್ಲೇ ನಿಂತುಬಿಡುತ್ತದೆ. ಮತ್ತೆ ಕಳಿಸುತ್ತದೆ, ಮತ್ತೆ ನಿಲ್ಲುತ್ತದೆ, ಕೊನೆಗೆ ಸುಸ್ತಾಗಿ ಕೈಬಿಡುತ್ತದೆ. ಕಾರಣ, ಐಬಿಎಂ ತಂತಿ ಹಾಫ್ ಡ್ಯೂಪ್ಲೆಕ್ಸ್. ಕೊಂಕಣ ರೈಲಿನ ಒಂಟಿ ಹಳಿ ನೆನಪಿಸಿಕೊಳ್ಳಿ. ಮತ್ಸ್ಯಗಂಧ ಯಾವುದೋ ಸಣ್ಣ ಸ್ಟೇಷನ್ನಿನಲ್ಲಿ ಎದುರು ಗಾಡಿಗಾಗಿ ಕಾಯುತ್ತಾ ನಿಲ್ಲುತ್ತದಲ್ಲ, ಸಿಗ್ನಲ್ ಸಿಗದೆ ಹೊರಡುವಂತಿಲ್ಲ. ಮೇನ್‌ಫ್ರೇಮೂ ಹಾಗೇ. ತನ್ನ ಮಾತು ಮುಗಿಸಿ "ಈಗ ನಿನ್ನ ಸರದಿ" ಅಂತ ಎಕ್ಸ್-ಆನ್, ಅಂದರೆ ಕಂಟ್ರೋಲ್-ಕ್ಯೂ ಕಳಿಸುತ್ತದೆ. ಅದಕ್ಕಿಂತ ಮುಂಚೆ ಪಿಸಿ ಏನು ಕಳಿಸಿದರೂ ಗಾಳಿಗೆ ಹೋಯಿತು. ಮನುಷ್ಯನಾದರೆ ಹೇಗೂ ನಿಧಾನ, ಅಷ್ಟರಲ್ಲಿ ಸಿಗ್ನಲ್ ಬಂದಿರುತ್ತದೆ. ಪಿಸಿ ಉತ್ತರ ಬಂದ ಕೂಡಲೇ ಮುಂದಿನ ಪ್ಯಾಕೆಟ್ ಎಸೆಯುತ್ತದೆ, ಅದು ಬೀಳುವುದು ಮುಚ್ಚಿದ ಬಾಗಿಲಿಗೆ. ಅದಕ್ಕೇ ಕರ್ಮಿಟ್ಟಿನಲ್ಲಿ ಹ್ಯಾಂಡ್‌ಶೇಕ್ ಎಕ್ಸ್-ಆನ್ ಅಂತ ಹೇಳಬೇಕು, ಮಾಮೂಲಿ ಫ್ಲೋ ಕಂಟ್ರೋಲನ್ನು ಆಫ್ ಮಾಡಬೇಕು, ಲೋಕಲ್ ಎಕೋ ಆನ್, ಪ್ಯಾರಿಟಿ ಮಾರ್ಕ್. ಈ ನಾಲ್ಕು ಸೇರಿದರೆ ಮೇನ್‌ಫ್ರೇಮಿನ ಬೀಗ ತೆರೆಯುತ್ತಿತ್ತು. ಎಂಎಸ್-ಡಾಸ್ ಕರ್ಮಿಟ್ಟಿನಲ್ಲಿ ಇವನ್ನೆಲ್ಲ ಒಟ್ಟು ಮಾಡಿ ಐಬಿಎಂ ಅಂತ ಒಂದು ಮ್ಯಾಕ್ರೋನೇ ಇಟ್ಟಿದ್ದರು ಅಂದರೆ ಎಷ್ಟು ಜನ ಇದೇ ಹೊಂಡಕ್ಕೆ ಬಿದ್ದಿದ್ದರು ಅಂತ ಊಹಿಸಿ.

ಇನ್ನೊಂದು ಲಕ್ಷಣ: ಟೆಕ್ಸ್ಟ್ ಫೈಲು ಸಲೀಸಾಗಿ ಹೋಗುತ್ತದೆ, ಪ್ರೋಗ್ರಾಮ್ ಫೈಲು ಮಾತ್ರ ಒಂದು ಜಾಗದಲ್ಲಿ ಹಟ ಹಿಡಿದು ನಿಲ್ಲುತ್ತದೆ. ತಂತಿಯಲ್ಲಿ ಪ್ಯಾರಿಟಿ ಇದೆ, ಆದರೆ ಕರ್ಮಿಟ್ಟಿಗೆ ಯಾರೂ ಹೇಳಿಲ್ಲ. ಹೇಳಿದ್ದರೆ ಅದು ಎಂಟನೆಯ ಬಿಟ್ಟಿಗೆ & ವೇಷ ಹಾಕುತ್ತಿತ್ತು. ಹೇಳದಿದ್ದರೆ ಪಾಪ ಅದು ಎಂಟು ಬಿಟ್ಟಿನ ರಾಜಮಾರ್ಗ ಅಂತ ನಂಬಿ ಹಾಗೇ ಕಳಿಸುತ್ತದೆ. ದಾರಿಯಲ್ಲಿ ಎಂಟನೆಯದು ಕತ್ತರಿಸಿ ಹೋಗುತ್ತದೆ, ಮೊತ್ತ ತಾಳೆಯಾಗುವುದಿಲ್ಲ, ನೂರು ಸಲ ಕಳಿಸಿದರೂ ಅದೇ ಪ್ಯಾಕೆಟ್ ಅದೇ ರೀತಿ ಕೆಡುತ್ತದೆ. ತಂತಿಯ ಗದ್ದಲದಿಂದ ಕೆಟ್ಟರೆ ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಕೆಡುತ್ತದೆ. ಒಂದೇ ಜಾಗದಲ್ಲಿ ಕೆಟ್ಟರೆ ತಪ್ಪು ತಂತಿಯದ್ದಲ್ಲ, ಸೆಟ್ಟಿಂಗಿನದ್ದು. ಈ ಒಂದು ವ್ಯತ್ಯಾಸ ಗೊತ್ತಿದ್ದವನು ಗಂಟೆಗಟ್ಟಲೆ ಉಳಿಸಿಕೊಳ್ಳುತ್ತಿದ್ದ. ಆದರೆ ವೇಷಕ್ಕೆ ಬೆಲೆ ಇದೆ. ಬೈನರಿ ಫೈಲು & ಮತ್ತು # ಸೇರಿ ಸುಮಾರು ಒಂದೂಮುಕ್ಕಾಲು ಪಟ್ಟು ಉಬ್ಬುತ್ತದೆ. 1200 ಬಿಟ್ ವೇಗದ ಮೋಡೆಮ್ಮಿನಲ್ಲಿ ಸೆಕೆಂಡಿಗೆ 120 ಅಕ್ಷರ. 360 ಕೆಬಿಯ ಒಂದು ಫ್ಲಾಪಿ ಇಳಿಸಲು ಏನೂ ಉಬ್ಬದಿದ್ದರೂ 51 ನಿಮಿಷ. ಉಬ್ಬಿದರೆ ಒಂದೂವರೆ ಗಂಟೆ. ಅಷ್ಟರಲ್ಲಿ ಡೊಂಬಿವಿಲಿಯಿಂದ ವಿಟಿಗೆ ಹೋಗಿ ಒಂದು ಚಹಾ ಕುಡಿಯಬಹುದು.

ಎಂಟನೆಯ ಬಿಟ್ ಹೋದರೆ ಏನಾಗುತ್ತದೆ ಅಂತ ಇಂಗ್ಲಿಷಿನವರಿಗೆ ಅಷ್ಟು ನಾಟುವುದಿಲ್ಲ, ಅವರ ಅಕ್ಷರ ಎಲ್ಲ ಏಳರೊಳಗೇ ಇವೆ. ನಮಗೆ ನಾಟಬೇಕು. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಮಾನಕವಾದ ಇಸ್ಕಿಯಲ್ಲಿ ಕೆಳಗಿನ 128 ಜಾಗ ಆಸ್ಕಿಗೆ, ನಮ್ಮ ಅಕ್ಷರಗಳೆಲ್ಲ ಮೇಲಿನ ಅರ್ಧದಲ್ಲಿ. ಕ ಅಂದರೆ 179, ನ ಅಂದರೆ 198. ಏಳು ಬಿಟ್ಟಿನ ತಂತಿಯಲ್ಲಿ ವೇಷವಿಲ್ಲದೆ ಕಳಿಸಿದರೆ ತಲೆ ಮೇಲಿನ 128 ಹಾರಿಹೋಗಿ ಕ 51 ಆಗುತ್ತದೆ, ಅಂದರೆ ಅಂಕಿ 3. ನ 70 ಆಗುತ್ತದೆ, ಅಂದರೆ ಎಫ್. ಹೀಗೆ ಕನಕ ಅಂತ ಬರೆದದ್ದು ಆ ತುದಿಯಲ್ಲಿ 3ಎಫ್3 ಅಂತ ಇಳಿಯುತ್ತದೆ. ಕನಕದಾಸರಿಗೆ ಇಲ್ಲೂ ಬಾಗಿಲಾಚೆ ನಿಲ್ಲುವ ಗತಿ!

ಇಲ್ಲಿಯವರೆಗೆ ಹೇಳಿದ್ದು ಫೈಲು ಹೋಗದ ಕಥೆ. ಅದರಲ್ಲಿ ಒಂದು ಸಮಾಧಾನ ಇದೆ: ಹೋಗಿಲ್ಲ ಅಂತ ಗೊತ್ತಾಗುತ್ತದೆ. ಭಯಂಕರವಾದದ್ದು ಫೈಲು ಹೋಯಿತು, ಟ್ರಾನ್ಸ್‌ಫರ್ ಕಂಪ್ಲೀಟ್ ಅಂತ ಬಂತು, ಆದರೆ ಒಳಗಿರುವುದು ಸುಳ್ಳು ಅನ್ನುವ ಸ್ಥಿತಿ.

ಐಬಿಎಂ ಮೇನ್‌ಫ್ರೇಮಿನ ಅಕ್ಷರಮಾಲೆ ಆಸ್ಕಿ ಅಲ್ಲ, ಎಬ್ಸಿಡಿಕ್. ಪಂಚ್ ಕಾರ್ಡಿನ ಕಾಲದ ವಂಶ. ಎ ಅಕ್ಷರ ಅಲ್ಲಿ 193. ಖಾಲಿ ಜಾಗ 64. ಅದನ್ನು ಅನುವಾದ ಮಾಡದೆ ಪಿಸಿಯಲ್ಲಿ ತೆರೆದರೆ 64 ಅಂದರೆ @. ಪದಗಳ ನಡುವೆಯೆಲ್ಲ @ ಚಿಹ್ನೆಗಳ ಸಾಲು ಕಂಡರೆ ಎಬ್ಸಿಡಿಕ್ ಹಾಗೇ ಬಂದಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು. ಅಕ್ಷರಗಳು ಸಾಲಾಗಿಯೂ ಇಲ್ಲ: ಐ 201, ಅದರ ಮುಂದಿನ ಜೆ 209. ಚೌಕ ಕಂಸಗಳಂಥ ಚಿಹ್ನೆಗಳಂತೂ ಒಂದೊಂದು ಕಡೆ ಒಂದೊಂದು ಜಾಗದಲ್ಲಿ. ಸಿ ಭಾಷೆಯ ಪ್ರೋಗ್ರಾಮು ಏರಿಸಿದವರಿಗೆ ಆ ನೋವು ಗೊತ್ತು. ಸಾಲಿನ ಉದ್ದ 80 ಅಂತ ಇಟ್ಟಿದ್ದರೆ, ಅದೂ ಕಾರ್ಡಿನದೇ ಬಳುವಳಿ, 81ನೆಯ ಅಕ್ಷರದಿಂದ ಮುಂದಿನದ್ದು ಕತ್ತರಿ. ಸಿಪಿ/ಎಂ ಕಂಪ್ಯೂಟರಿಗೋ ತನ್ನ ಫೈಲಿನ ನಿಜವಾದ ಉದ್ದವೇ ಗೊತ್ತಿರಲಿಲ್ಲ, 128ರ ಲೆಕ್ಕದಲ್ಲಿ ಎಷ್ಟು ತುಂಡು ಅಂತ ಮಾತ್ರ ಗೊತ್ತು. ಟೆಕ್ಸ್ಟ್ ಎಲ್ಲಿ ಮುಗಿಯಿತು ಅಂತ ಹೇಳಲು ಕಂಟ್ರೋಲ್-ಜೆಡ್ ಹಾಕುತ್ತಿತ್ತು. ಅದನ್ನು ಗಮನಿಸದಿದ್ದರೆ ಫೈಲಿನ ಬಾಲಕ್ಕೆ ಹಳೆಯ ಕಸ ಅಂಟಿಕೊಂಡು ಬರುತ್ತಿತ್ತು.

ಹಾಗಾದರೆ ಎಲ್ಲವನ್ನೂ ಅನುವಾದ ಮಾಡಿಬಿಟ್ಟರಾಯಿತಲ್ಲ ಅಂತೀರಾ? ಇಲ್ಲೇ ಇರುವುದು ನಿಜವಾದ ಅಪಾಯ. ಕೋಬಾಲ್ ಬಲ್ಲವರಿಗೆ ಕಾಂಪ್-3 ಗೊತ್ತು, ಪ್ಯಾಕ್ಡ್ ಡೆಸಿಮಲ್. ಒಂದು ಬೈಟಿನಲ್ಲಿ ಎರಡು ಅಂಕಿ ತುರುಕಿ, ಕೊನೆಯ ಅರ್ಧ ಬೈಟಿನಲ್ಲಿ ಕೂಡುವ ಅಥವಾ ಕಳೆಯುವ ಗುರುತು ಇಡುವುದು. 125 ಎಂಬ ಮೊತ್ತ ಎರಡು ಬೈಟುಗಳಲ್ಲಿ 12 ಮತ್ತು 5ಸಿ ಅಂತ ಕೂರುತ್ತದೆ. ಸಿ ಅಂದರೆ ಪ್ಲಸ್. ಈಗ ಈ ಫೈಲನ್ನು ಯಾರೋ ಟೆಕ್ಸ್ಟ್ ಅಂತ ತಿಳಿದು ಅನುವಾದದ ಮೂಲಕ ಇಳಿಸಿದರು ಅನ್ನಿ. ಮೊದಲ ಬೈಟ್ 12 ಎರಡು ಅಕ್ಷರಮಾಲೆಯಲ್ಲೂ ಒಂದೇ ಕಂಟ್ರೋಲ್ ಅಕ್ಷರ, ಬದಲಾಗುವುದಿಲ್ಲ. ಎರಡನೆಯ ಬೈಟ್ 5ಸಿ ಎಬ್ಸಿಡಿಕ್‌ನಲ್ಲಿ ನಕ್ಷತ್ರ ಚಿಹ್ನೆ. ಆಸ್ಕಿಯಲ್ಲಿ ಆ ಚಿಹ್ನೆ 2ಎ. ಈಗ ಫೈಲಿನಲ್ಲಿರುವುದು 12 ಮತ್ತು 2ಎ. ಐಬಿಎಂ ನಿಯಮದಂತೆ ಎ ಕೂಡ ಪ್ಲಸ್ ಗುರುತೇ. ಅದನ್ನು ಓದಿದ ಪ್ರೋಗ್ರಾಮು ಯಾವ ಎರರ್ ಕೂಡ ಕೊಡದೆ 122 ಅಂತ ಹೇಳುತ್ತದೆ.

ನೋಡಿದಿರಾ? ಮೂರು ರೂಪಾಯಿ ಮಾಯ. ಪ್ಯಾಕೆಟ್ಟಿನ ಮೊತ್ತಗಳೆಲ್ಲ ತಾಳೆ, ತಂತಿ ಶುದ್ಧ, ಪೋಸ್ಟ್‌ಮ್ಯಾನ್ ನಿರ್ದೋಷಿ. ಕಾಗದವನ್ನು ಅವನು ತಂದದ್ದು ಸರಿಯಾಗಿಯೇ, ಆದರೆ ಓದಿ ಹೇಳುವಾಗ ಅಂಕಿಯನ್ನು ಅಕ್ಷರ ಅಂತ ಓದಿದ. ಸಂಬಳ, ಸಾಲದ ಬಾಕಿ, ಪರೀಕ್ಷೆಯ ಅಂಕ ಇವೆಲ್ಲ ಇಂಥ ಫೈಲುಗಳಲ್ಲೇ ಕೂತಿರುತ್ತಿದ್ದವು. ನಾನು ವೈಟುಕೆ ಕಾಲದಲ್ಲಿ ಒಂದು ಕಂಪನಿಯಲ್ಲಿದ್ದಾಗ ನಮ್ಮ ಟೀಮಿನ ಹಿರಿಯರೊಬ್ಬರಿದ್ದರು, ಚೆನ್ನೈಯಲ್ಲಿ ಬೆಳೆದ ಕನ್ನಡಿಗರು. ಹೊಸಬರಿಗೆ ಅವರ ಮೊದಲ ಪಾಠ ಕೋಬಾಲ್ ಅಲ್ಲ. "ಫೈಲ್ ಬಂತು ಅಂತ ಹೇಳಬೇಡಪ್ಪ. ಎಷ್ಟು ರೆಕಾರ್ಡ್ ಬಂತು, ಮೊತ್ತ ಎಷ್ಟು, ಅಲ್ಲಿನದಕ್ಕೆ ಸರಿ ಹೊಂದುತ್ತದೋ ಅದು ಹೇಳು" ಅನ್ನುತ್ತಿದ್ದರು. ಆ ಹೊತ್ತಿಗೆ ನಾವು ಬಳಸುತ್ತಿದ್ದದ್ದು ಕರ್ಮಿಟ್ ಅಲ್ಲ, 3270 ಎಮ್ಯುಲೇಟರಿನ ಜತೆ ಬರುತ್ತಿದ್ದ ಐಬಿಎಂನದೇ ಪ್ರೋಗ್ರಾಮು, ಇಂಡ್-ಡಾಲರ್-ಫೈಲ್. ಅದರಲ್ಲೂ ಆಸ್ಕಿ, ಸಿಆರ್‌ಎಲ್‌ಎಫ್ ಅಂತ ಎರಡು ಆಪ್ಷನ್. ಟೆಕ್ಸ್ಟಿಗೆ ಹಾಕಬೇಕು, ಬೈನರಿಗೆ ಹಾಕಬಾರದು. ಎಫ್‌ಟಿಪಿ ಬಂದ ಮೇಲೂ ಅದೇ ಪ್ರಶ್ನೆ. ಯಂತ್ರ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ: ಇದು ಅಕ್ಷರವೋ, ಬರೀ ಬೈಟೋ?

ಕರ್ಮಿಟ್ ಹರಡಿದ ರೀತಿಯೂ ಹೇಳಲೇಬೇಕು. ಕೊಲಂಬಿಯಾದವರು ಅದನ್ನು ಬಚ್ಚಿಡಲಿಲ್ಲ. ಸೋರ್ಸ್ ಸಮೇತ ಟೇಪಿನಲ್ಲಿ ಹಾಕಿ, ಟೇಪು ಮತ್ತು ಅಂಚೆಯ ಖರ್ಚಿಗೆ ಕೇಳಿದವರಿಗೆಲ್ಲ ಕಳಿಸಿದರು, ನೀವೂ ಹಂಚಿ ಅಂದರು. ನಿಮ್ಮ ಯಂತ್ರಕ್ಕೆ ಇಲ್ಲದಿದ್ದರೆ ನೀವೇ ಬರೆದು ವಾಪಸ್ ಕಳಿಸಿ ಅಂದರು. ಬರೆದರು! ವ್ಯಾಕ್ಸ್ ಮತ್ತು ಡೆಕ್-10ಕ್ಕೆ ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನವರು ಬರೆದುಕೊಟ್ಟರು. ಐಬಿಎಂ ಮೇನ್‌ಫ್ರೇಮಿನದ್ದನ್ನು ಕೊಲಂಬಿಯಾದಲ್ಲಿ ಡಾಫ್ನೆ ಟ್ಸೋರ್ ಶುರುಮಾಡಿದರು, ಮುಂದೆ ಹಾರ್ವರ್ಡ್-ಸ್ಮಿತ್‌ಸೋನಿಯನ್ನಿನ ಜಾನ್ ಚಾಂಡ್ಲರ್ ಬೆಳೆಸಿದರು. ಎಂಎಸ್-ಡಾಸಿನದ್ದನ್ನು ಯೂಟಾದ ಜೋ ಡೌಪ್ನಿಕ್ ವರ್ಷಗಟ್ಟಲೆ ನೋಡಿಕೊಂಡರು. 1984ರ ಜೂನ್, ಜುಲೈ ಬೈಟ್ ಪತ್ರಿಕೆಯಲ್ಲಿ ಎರಡು ಕಂತಿನ ಲೇಖನ ಬಂದ ಮೇಲೆ ಇನ್ನೂ ಹರಡಿತು. 1989ರಲ್ಲಿ ಮಾಸ್ಕೋದಲ್ಲಿ ಕರ್ಮಿಟ್ ಬಗ್ಗೆಯೇ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಶೀತಲ ಸಮರದ ಕಾಲ ನೆನಪಿಡಿ. ರಷ್ಯನ್ ಸಿರಿಲಿಕ್ ಅಕ್ಷರಗಳು ಒಂದು ಯಂತ್ರದಲ್ಲಿ ಒಂದು ಕೋಡು, ಇನ್ನೊಂದರಲ್ಲಿ ಇನ್ನೊಂದು. ದಾರಿಯಲ್ಲಿ ಒಂದು ಮಾನಕ ಕೋಡಿಗೆ ಬದಲಿಸಿ ಆ ತುದಿಯಲ್ಲಿ ಮತ್ತೆ ಅಲ್ಲಿನದಕ್ಕೆ ಬದಲಿಸುವ ವ್ಯವಸ್ಥೆಯನ್ನು ಕರ್ಮಿಟ್ ತಂದಿತು. ಇಂಗ್ಲಿಷೇತರರ ಬಗ್ಗೆ ಅಷ್ಟು ಮುಂಚೆ ತಲೆ ಕೆಡಿಸಿಕೊಂಡವರು ಕಡಿಮೆ.

ನಿಧಾನ ಅನ್ನುವ ಅಪವಾದ ಮಾತ್ರ ಕೊನೆತನಕ ಅಂಟಿಕೊಂಡಿತು. ಅದು ಪೂರ್ತಿ ನ್ಯಾಯವಲ್ಲ. ಮುಂದೆ 9024 ಬೈಟುಗಳವರೆಗಿನ ಉದ್ದ ಪ್ಯಾಕೆಟ್, ಉತ್ತರಕ್ಕೆ ಕಾಯದೆ ಹಲವು ಪ್ಯಾಕೆಟ್ ಕಳಿಸುವ ಸ್ಲೈಡಿಂಗ್ ವಿಂಡೋ ಎಲ್ಲ ಬಂದವು. ಆದರೆ ಜನ ಬಳಸುತ್ತಿದ್ದದ್ದು ಯಾವುದೋ ಮೋಡೆಮ್ ಸಾಫ್ಟ್‌ವೇರಿನವರು ಕಾಟಾಚಾರಕ್ಕೆ ಸೇರಿಸಿದ್ದ ಹಳೆಯ ಕರ್ಮಿಟ್. ಅದನ್ನು ನೋಡಿ ಮೂಲವನ್ನೇ ಬೈದರು. ಚಕ್ ಫೋರ್ಸ್‌ಬರ್ಗ್ 1986ರಲ್ಲಿ ಮಾಡಿದ ಜೆಡ್‌ಮೋಡೆಮ್ ಒಳ್ಳೆಯ ತಂತಿಯಲ್ಲಿ ಓಡುತ್ತಿತ್ತು, ನಿಜ. ಕೆಟ್ಟ ತಂತಿಯಲ್ಲಿ ನಾನಂತೂ ಕಪ್ಪೆಯ ಕಡೆ.

ನಮ್ಮ ದೇಶದಲ್ಲಿ ಮನೆಯಿಂದ ದೊಡ್ಡ ಯಂತ್ರಕ್ಕೆ ಡಯಲ್ ಮಾಡುವ ಭಾಗ್ಯ ಜನಸಾಮಾನ್ಯರಿಗೆ ಬಂದದ್ದು ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಇಂಟರ್ನೆಟ್ ಶುರುಮಾಡಿದ ಮೇಲೆ. ಶೆಲ್ ಅಕೌಂಟ್ ಇದ್ದವರಿಗೆ ಸಿಗುತ್ತಿದ್ದದ್ದು ಬರೀ ಅಕ್ಷರದ ಪರದೆ, ಆ ತುದಿಯಲ್ಲಿ ಯುನಿಕ್ಸ್ ಯಂತ್ರ. ಅದು ಮೇನ್‌ಫ್ರೇಮ್ ಅಲ್ಲ, ಆದರೆ ಫಜೀತಿ ಅದೇ. ಎಫ್‌ಟಿಪಿ ಮಾಡಿದ ಫೈಲು ಬಂದು ಬೀಳುವುದು ಅವರ ಯಂತ್ರದಲ್ಲಿ. ಅಲ್ಲಿಂದ ಮನೆಗೆ ತರಲು ಮತ್ತೆ ಜೆಡ್‌ಮೋಡೆಮ್ ಅಥವಾ ಕರ್ಮಿಟ್. ಇಳಿಸುತ್ತಿರುವಾಗ ಮನೆಯವರು ಇನ್ನೊಂದು ಕೋಣೆಯ ಫೋನ್ ಎತ್ತಿ "ಹಲೋ" ಅಂದರೆ ಮುಗಿಯಿತು. ಎಷ್ಟು ಸಂಸಾರಗಳಲ್ಲಿ ಇದರಿಂದ ಜಗಳವಾಗಿದೆಯೋ ಆ ಪರಮಾತ್ಮನೇ ಬಲ್ಲ.

ಕೊಲಂಬಿಯಾ 2011ರಲ್ಲಿ ಕರ್ಮಿಟ್ ಪ್ರಾಜೆಕ್ಟನ್ನು ಮುಚ್ಚಿತು. ಡ ಕ್ರೂಜ್ ಅವರ ಕೆಲಸವೂ ಅದರೊಂದಿಗೇ ಹೋಯಿತು. ಅದೇ ವರ್ಷ ಸಿ-ಕರ್ಮಿಟ್ ಅನ್ನು ಬಿಎಸ್‌ಡಿ ಲೈಸೆನ್ಸಿನಡಿ ಎಲ್ಲರಿಗೂ ಬಿಟ್ಟುಕೊಟ್ಟರು. ಅವರು ಸ್ವಂತವಾಗಿ ಅದನ್ನು ಮುಂದುವರಿಸಿದ್ದಾರೆ, ಲಿನಕ್ಸ್ ಬಳಸುವವರು ಈಗಲೂ ಹಾಕಿಕೊಂಡು ನೋಡಬಹುದು. ಸೀರಿಯಲ್ ಕೇಬಲ್ ಸಿಗುವುದೇ ಈಗ ಕಷ್ಟ; ಲ್ಯಾಮಿಂಗ್ಟನ್ ರೋಡಿನಲ್ಲಿ ಕೇಳಿದರೆ ಯುಎಸ್‌ಬಿಗೆ ಹಾಕುವ ಒಂದು ಕನ್ವರ್ಟರ್ ಕೊಟ್ಟಾರು. ಹಳೆಯ ಮೇನ್‌ಫ್ರೇಮಿನಿಂದ ಇಳಿಸಿದ ಫೈಲುಗಳಿರುವ ಫ್ಲಾಪಿ ಯಾರ ಅಟ್ಟದಲ್ಲಾದರೂ ಇದ್ದರೆ, ತೆರೆದಾಗ ಪದಗಳ ನಡುವೆ @ ಚಿಹ್ನೆಗಳು ಕಂಡರೆ, ಕೆಟ್ಟಿದೆ ಅಂತ ಎಸೆಯಬೇಡಿ. ಅದು ಕೆಟ್ಟಿಲ್ಲ, ಎಬ್ಸಿಡಿಕ್‌ನಲ್ಲೇ ಇದೆ ಅಷ್ಟೇ.